ಕೈ ಕುಲುಕದೆ ಕೊಂಡ ಕಾರು

ಡೆಲ್ಮರ್ ಕ್ರೌಸ್ ಬೀನ್ಸ್ ಸೂಪಿನಲ್ಲಿ ಮೆಕ್ಕೆಜೋಳದ ಬ್ರೆಡ್ ಅದ್ದಿ ಬಾಯಿಗಿಡುವ ಹೊತ್ತಿಗೆ ಫೋನು ಬಡಿದುಕೊಂಡಿತು. ಅರ್ಲೀನ್. ಗೆಳೆಯ ಲೈಲ್‌ನ ಹೆಂಡತಿ. ಕ್ಷೇಮ ಸಮಾಚಾರವಿಲ್ಲ, ಚಳಿಯ ಮಾತಿಲ್ಲ, ನೇರ ವಿಷಯ.

"ಡೆಲ್, ಆ ಕಾರು ತಗೊಂಡ್ಹೋಗ್ತೀಯಾ?"

ಕೈಯಲ್ಲಿದ್ದ ಬ್ರೆಡ್ಡು ಸೂಪಿನೊಳಗೇ ಬಿತ್ತು.

"ಗರಾಜು ಖಾಲಿ ಆಗ್ಬೇಕು," ಅಂದಳು ಅರ್ಲೀನ್. "ಅದನ್ನೇ ಲೈಲ್‌ಗೆ ರೂಮು ಮಾಡ್ತಿದೀವಿ. ಅಷ್ಟು ದೊಡ್ಡ ಗಂಡಸನ್ನ ಮಹಡಿ ಹತ್ತಿಸೋಕೆ ನನ್ ಕೈಲಾಗುತ್ತಾ? ರೂಮು ಆಗೋವರ್ಗೂ ಅವ್ರು ಆ ಆರೈಕೆ ಮನೇಲೇ ಬಿದ್ದಿರ್ಬೇಕು. ಶನಿವಾರ ಟೊಲೀಡೊದಿಂದ ಯಾವನೋ ವ್ಯಾಪಾರಿ ಬರ್ತಾನಂತೆ ನೋಡೋಕೆ. ಅವನ ಕೈಗೆ ಕೊಡೋ ಬದಲು ನಿನಗೆ ಕೊಡೋಣ ಅನ್ನಿಸ್ತು."

"ಲೈಲ್‌ಗೆ ಹೇಳಿದೀಯಾ?"

"ಹೇಳ್ದೆ. ಥತ್ತೇರಿ ಅಂದ್ರು."

ಇದಕ್ಕೆ ನಗಬೇಕೋ ಅಳಬೇಕೋ ಡೆಲ್ಮರ್‌ಗೆ ತಿಳಿಯಲಿಲ್ಲ. ಲೈಲ್ ಹಾಫ್‌ಸ್ಟೆಟರ್‌ಗೆ ಆಗಸ್ಟಿನಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಉಳಿದದ್ದು ಒಂದೇ ಶಬ್ದ. ಹುಟ್ಟಿದಾಗಿನಿಂದ ಬಾಯಲ್ಲಿ ಒಂದು ಬೈಗುಳ ಬರದ ಮನುಷ್ಯ, ಭಾನುವಾರ ತಪ್ಪದೆ ಚರ್ಚಿನ ಮೊದಲ ಸಾಲಿನಲ್ಲಿ ಕೂರುತ್ತಿದ್ದವನು, ಈಗ ಕಾಫಿ ಕೊಟ್ಟರೂ ಥತ್ತೇರಿ, ದಿಂಬು ಸರಿಮಾಡಿದರೂ ಥತ್ತೇರಿ. ಪಾದ್ರಿ ಬಂದು ಪ್ರಾರ್ಥನೆ ಮಾಡಿ ಆಮೆನ್ ಎಂದರೆ ಇವನು ಗಟ್ಟಿಯಾಗಿ ಥತ್ತೇರಿ ಎಂದನಂತೆ. ಡಾಕ್ಟರು, ಇದು ಹೀಗೇ, ಮೆದುಳಿನಲ್ಲಿ ಎಲ್ಲ ಸುಟ್ಟುಹೋದ ಮೇಲೂ ಬೈಗುಳ ಉಳಿದಿರುತ್ತೆ, ಒಳಗೆ ಎಲ್ಲ ಅರ್ಥವಾಗುತ್ತೆ, ಹೊರಗೆ ಬರೋದು ಇದೊಂದೇ ಅಂದಿದ್ದರು.

ಡೆಲ್ಮರ್ "ಬರ್ತೀನಿ" ಅಂದುಬಿಟ್ಟ.

ಅಂದ ಮೇಲೆ ಸೂಪು ಸೇರಲಿಲ್ಲ. ಓಹಾಯೋದ ಆ ಬಯಲಿನ ಊರುಗಳಲ್ಲಿ ಹಳೆ ಕಾರಿನ ಹುಚ್ಚರಿಗೆ ಕೆಲವು ಕಟ್ಟುಪಾಡುಗಳಿವೆ. ಎಲ್ಲೂ ಬರೆದಿಲ್ಲ, ಮುರಿದವನನ್ನು ಮಾತ್ರ ಯಾರೂ ಮರೆಯುವುದಿಲ್ಲ. ಅದರಲ್ಲಿ ಮೊದಲನೆಯದು, ಒಬ್ಬ ಗಂಡಸು ಅರ್ಧ ಕಟ್ಟಿದ ಕಾರನ್ನು ಅವನ ಕೈ ಕುಲುಕದೆ ಕೊಳ್ಳಬಾರದು. ಅವನು ಸತ್ತಿದ್ದರೆ ಬೇರೆ ಮಾತು. ಬದುಕಿರುವಾಗ ಅವನ ಹೆಂಡತಿಯಿಂದ ಕೊಂಡರೆ ಅದು ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ಇನ್ನೊಂದು ಸಂಗತಿಯೂ ಇತ್ತು, ಅದನ್ನು ಡೆಲ್ಮರ್ ಯಾರಿಗೂ ಹೇಳಿರಲಿಲ್ಲ. ಲೈಲ್ ಬಿದ್ದ ಸುದ್ದಿ ಕೇಳಿ ಆಸ್ಪತ್ರೆಗೆ ಧಾವಿಸುವಾಗ, ದಾರಿಯಲ್ಲಿ ಮೊದಲು ಅವನ ತಲೆಗೆ ಬಂದದ್ದು ಲೈಲ್ ಅಲ್ಲ. ಕಾರು. ಆ ಕಾರು ಇನ್ನೇನಾಗುತ್ತೆ ಅನ್ನುವ ಯೋಚನೆ. ಬಂದ ಕೂಡಲೇ ಅದನ್ನು ಅಟ್ಟಿದ, ಆದರೆ ಬಂದದ್ದಂತೂ ಹೌದು. ಅಂದಿನಿಂದ ಅದು ಅಂಗಾಲಿಗೆ ಹೊಕ್ಕ ಮುಳ್ಳಿನಂತೆ ಒಳಗೇ ಇತ್ತು.

ಅದು ಎಪ್ಪತ್ತನೇ ಇಸವಿಯ ಶೆವೆಲ್ ಕಾರು. ಮುಂದೆ ಬಾತುಕೊಂಡ ಬಾನೆಟ್ಟು, ಒಳಗೆ ಎಂಟು ಸಿಲಿಂಡರಿನ ಎಂಜಿನ್ನು. ಒಂದು ಕಾಲದಲ್ಲಿ ಊರ ಹುಡುಗರು ಅಂಥ ಕಾರಿಗಾಗಿ ಹುಡುಗಿಯರನ್ನೇ ಬಿಟ್ಟಿದ್ದುಂಟು. ಅದನ್ನು ಮೊದಲು ಪತ್ತೆ ಮಾಡಿದ್ದು ಡೆಲ್ಮರ್. ಒಬ್ಬ ಮುದಿ ರೈತನ ಹುಲ್ಲಿನ ಕೊಟ್ಟಿಗೆಯಲ್ಲಿ, ಮೇಲೆ ಕೋಳಿಗಳು ಕೂತ ಸ್ಥಿತಿಯಲ್ಲಿ. ಲೈಲ್‌ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದ. ಡೆಲ್ಮರ್ ಕಾರಿಗೆ ಎರಡು ಸುತ್ತು ಸುತ್ತಿ, ತುಕ್ಕನ್ನು ಗೆಣ್ಣಿನಿಂದ ಕುಟ್ಟಿ ನೋಡಿ, ದೊಡ್ಡ ಮನುಷ್ಯನ ಹಾಗೆ "ನಾಳೆ ಹೇಳ್ತೀನಿ" ಅಂದ. ರೈತ ಲೈಲ್‌ನ ಕಡೆ ತಿರುಗಿ "ನೀನೇನಂತೀಯಾ?" ಅಂದ. ಲೈಲ್ ಕೈ ಚಾಚಿದ. ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಹತ್ತು ವರ್ಷಕ್ಕೂ ಮೇಲೆ ಲೈಲ್ ಅದನ್ನು ಕಟ್ಟಿದ. ಡೆಲ್ಮರ್ ಶನಿವಾರ ಶನಿವಾರ ಹೋಗಿ ಅವನ ಗರಾಜಿನ ಮುರುಕು ಕುರ್ಚಿಯ ಮೇಲೆ ಕೂತು ತಮಾಷೆ ಮಾಡುತ್ತಿದ್ದ.

"ನೀನು ಹೋದ್ಮೇಲೆ ಇದು ನಂದೇ ಕಣೋ."

"ನಾನು ಹೋಗೋದೇ ಇದರಲ್ಲಿ ಕಣೋ. ಹಿಂದಿನ ಸೀಟು ಕಿತ್ತು ಪೆಟ್ಟಿಗೆ ಇಡ್ತಾರೆ. ಡ್ರೈವರ್ ಬೇಕಿದ್ರೆ ನೀನಾಗು."

ಇಬ್ಬರೂ ಶಾಲೆಯ ಹಳದಿ ಬಸ್ಸುಗಳ ಗರಾಜಿನಲ್ಲಿ ಮೂವತ್ತು ವರ್ಷ ಒಟ್ಟಿಗೆ ದುಡಿದವರು. ಡೆಲ್ಮರ್ ಬಾಡಿ ಕೆಲಸ, ಲೈಲ್ ಎಂಜಿನ್. ಲೈಲ್‌ನದು ಅಳೆದು ತೂಗಿ ಮಾಡುವ ಕೈ, ಅವನದೇ ಪದ್ಧತಿಗಳು. ಎಂಜಿನ್ನಿನ ಬಾಯಿ ತೆರೆದಿಟ್ಟಾಗ ಕಸ, ಇಲಿ ಬೀಳದಂತೆ ಕೆಂಪು ಒರೆಸುಬಟ್ಟೆ ತುರುಕುವುದು ಎಲ್ಲರೂ ಮಾಡುವುದೇ. ಲೈಲ್ ಆ ಬಟ್ಟೆಯನ್ನು ಮೊದಲು ಎರಡಾಗಿ ಹರಿಯುತ್ತಿದ್ದ. ಅರ್ಧ ಎಂಜಿನ್ನಿಗೆ, ಅರ್ಧ ಸ್ಟೀರಿಂಗಿಗೆ. ಸ್ಟೀರಿಂಗಿನಲ್ಲಿ ಕೆಂಪು ಕಂಡರೆ ಯಾವ ದೊರೆ ಬಂದು ಹೇಳಿದರೂ ಕೀಲಿ ತಿರುಗಿಸಬಾರದು. ಎಂಜಿನ್ ನುಂಗಿದ ಬಟ್ಟೆ ಎಂಜಿನ್ನನ್ನೇ ನುಂಗುತ್ತೆ ಅನ್ನುತ್ತಿದ್ದ. ಹೊಸ ಡ್ರೈವರುಗಳು ಮುಸಿಮುಸಿ ನಗುತ್ತಿದ್ದರು, ಆದರೆ ಆ ಗರಾಜಿನಲ್ಲಿ ಒಂದು ಎಂಜಿನ್ನೂ ಹಾಗೆ ಹಾಳಾದದ್ದಿಲ್ಲ.

ಕೈ ಕುಲುಕುವ ಕಟ್ಟುಪಾಡನ್ನು ಡೆಲ್ಮರ್ ಮರೆತಿರಲಿಲ್ಲ. ಮೊದಲು ಆರೈಕೆ ಮನೆಗೆ ಹೋಗಿ ಲೈಲ್‌ನ ಎಡಗೈಯನ್ನಾದರೂ ಹಿಡಿದು "ತಗೊಳ್ಳಲಾ?" ಎಂದು ಕೇಳಬೇಕಿತ್ತು. ಇಪ್ಪತ್ತು ನಿಮಿಷದ ದಾರಿ. ಆದರೆ ಲೈಲ್ ತಲೆ ಅಲ್ಲಾಡಿಸಿಬಿಟ್ಟರೆ? ಇನ್ನೊಂದು ಸಲ ಆ ಕಾರು ಕಣ್ಣೆದುರೇ ಬೇರೆಯವನ ಪಾಲಾದರೆ? ಬೇಕಿಲ್ಲದ ಕೆಲಸಕ್ಕೆ ನೆಪ ನೂರು. ಶನಿವಾರದ ವ್ಯಾಪಾರಿಯ ನೆಪ ಹಿಡಿದು ಡೆಲ್ಮರ್ ಗುರುವಾರವೇ ಟ್ರೈಲರ್ ಕಟ್ಟಿಕೊಂಡು ಹೊರಟ.

ಅರ್ಲೀನ್ ಗರಾಜಿನ ಬಾಗಿಲು ಎತ್ತಿದಳು. ಕಾರು ಬೂದು ಪ್ರೈಮರ್ ಬಳಿದುಕೊಂಡು ನಿಂತಿತ್ತು, ಬಾಗಿಲುಗಳಿಗೆ ಹಿಡಿಯಿಲ್ಲ, ಒಳಗೆ ಸೀಟಿಲ್ಲ, ಗಾಜಿಲ್ಲ. ಗೋಡೆಗೆ ಒರಗಿಸಿದ ಪೆಟ್ಟಿಗೆಗಳಲ್ಲಿ ಉಳಿದ ಕಾರು. ಒಂದೊಂದು ಬೋಲ್ಟೂ ಒಂದೊಂದು ಚೀಲದಲ್ಲಿ. ಎಂಜಿನ್ ಮಾತ್ರ ಪೂರ್ತಿ ಆಗಿ, ಕಿತ್ತಳೆ ಬಣ್ಣ ಬಳಿದುಕೊಂಡು, ಬಾಯಿಯ ಮೇಲೆ ಕಾರ್ಬುರೇಟರ್ ಕೂರಿಸಿಕೊಂಡು ತನ್ನ ಜಾಗದಲ್ಲಿ ಹೊಳೆಯುತ್ತಿತ್ತು. ಡೆಲ್ಮರ್ ಫೆಂಡರಿನ ಮೇಲೆ ಅಂಗೈ ಇಟ್ಟ. ಹೊಟ್ಟೆಯಲ್ಲಿ ಒಂದು ಸುಖ ಎದ್ದಿತು, ಅದರ ಹಿಂದೆಯೇ ನಾಚಿಕೆ.

"ಗುಡಿಸಿ ಒರೆಸಿ ಇಟ್ಟಿದೀನಪ್ಪ," ಅರ್ಲೀನ್ ಹಿಂದಿನಿಂದ ಹೇಳುತ್ತಿದ್ದಳು. "ನಿನ್ನ ಕೈಗೆ ಕೊಳಕು ಗಾಡಿ ಕೊಟ್ಲು ಅನ್ನಿಸ್ಕೋಬಾರದಲ್ಲ. ಇಲಿ ಹಿಕ್ಕೆ, ಬೂಸಲು ಹಿಡಿದ ಕಾಫಿ ಲೋಟ, ಸ್ಟೀರಿಂಗಿಗೆ ಸುತ್ತಿದ್ದ ಎಣ್ಣೆ ಬಟ್ಟೆ, ಹಳೆ ಪೇಪರು... ಒಂದು ಮೂಟೆ ಕಸ ಆಯ್ತು ನೋಡು."

"ಹೂಂ," ಅಂದ ಡೆಲ್ಮರ್. ಅವನ ಕಣ್ಣು ಕಾರಿನ ಹಿಂಬದಿಯ ಓರೆಯ ಮೇಲಿತ್ತು, ಕಿವಿ ಎಲ್ಲಿತ್ತೋ ದೇವರೇ ಬಲ್ಲ. ಅವಳು ಹೇಳಿದ ಬೆಲೆಗೆ ಒಂದು ಮಾತು ಎದುರಾಡಲಿಲ್ಲ. ಅರ್ಲೀನ್ ಚೆಕ್ಕು ಇಸಿದುಕೊಂಡು ಕೈ ಚಾಚಿದಳು. ಡೆಲ್ಮರ್ ಕುಲುಕಿದ. ಅದು ತಪ್ಪು ಕೈ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಆರೈಕೆ ಮನೆಗೆ ಹೋದ. ತಪ್ಪು ಮಾಡಿ ಆದ ಮೇಲೆ ಅಪ್ಪಣೆ ಕೇಳಲು ಹೋಗುವವನ ಮುಖ ಹೇಗಿರುತ್ತೆ? ಹಾಗೇ ಇತ್ತು. ಲೈಲ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಮುಖದ ಬಲಭಾಗ ಜೋತಿತ್ತು. ಡೆಲ್ಮರ್‌ನನ್ನು ಕಂಡದ್ದೇ ಎಡಗಣ್ಣು ಅರಳಿತು.

"ಥತ್ತೇರಿ!"

"ನಾನೇ ಕಣೋ ಲೈಲ್. ನಮ್ಮನೆ ವಿಲ್ಮಾ ಆಪಲ್ ಪೈ ಕಳಿಸಿದಾಳೆ. ನಿನಗೆ ಅಂತ ಕಳಿಸಿದ್ದು, ದಾರೀಲಿ ಒಂದು ತುಂಡು ನನಗೂ ಬಿತ್ತು." ನಕ್ಕ. ಲೈಲ್ ನಗಲಿಲ್ಲ. ಡೆಲ್ಮರ್ ಪೈ ಡಬ್ಬವನ್ನು ಮೇಜಿನ ಮೇಲಿಟ್ಟ. "ಅರ್ಲೀನ್ ಹೇಳಿರ್ಬೇಕಲ್ಲ... ಕಾರು... ನಿನ್ನೆ ತಗೊಂಡ್ಹೋದೆ. ನನ್ನ ಶೆಡ್ಡಲ್ಲಿದೆ. ಜೋಪಾನವಾಗಿದೆ. ನಾನು ಮುಗಿಸ್ತೀನಿ ಅಂತ..."

ಲೈಲ್ ಅವನನ್ನು ದಿಟ್ಟಿಸಿದ. ಆಮೇಲೆ ಎಡಗೈಯಿಂದ ಟ್ರೇ ಮೇಲಿನ ಖಾಲಿ ಕಾಫಿ ಲೋಟ ಎಳೆದುಕೊಂಡು ತೊಡೆಯ ಸಂದಿಯಲ್ಲಿ ಇಟ್ಟುಕೊಂಡ. ಕತ್ತಿನಲ್ಲಿದ್ದ ಕರವಸ್ತ್ರ ಕಿತ್ತು ಲೋಟದೊಳಗೆ ತುರುಕಿದ. ಬೆರಳಿಂದ ಒತ್ತಿ, ಇನ್ನೂ ಒತ್ತಿ, ತಳಕ್ಕೆ ಇಳಿಸಿ, ಲೋಟ ಎತ್ತಿ ಡೆಲ್ಮರ್‌ನ ಮುಖದ ಮುಂದೆ ಅಲ್ಲಾಡಿಸಿದ.

"ಥತ್ತೇರಿ! ಥತ್ತೇರಿ!"

ಡೆಲ್ಮರ್ ಬಿಳಿಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಗತಿಯೂ ಅದೇ. ಲೋಟದೊಳಗೆ ಬಟ್ಟೆ ತುರುಕುವವನು ಎಂಜಿನ್ನಿನ ಮನುಷ್ಯ, ತೋರಿಸುತ್ತಿರುವುದು ಮೂವತ್ತು ವರ್ಷ ಪಕ್ಕದಲ್ಲೇ ನಿಂತು ಅದನ್ನು ನೋಡಿದವನಿಗೆ. ಬೇರೆ ಯಾವ ದಿನವಾದರೂ ಡೆಲ್ಮರ್‌ಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯುತ್ತಿತ್ತು. ಆ ದಿನ ಅವನಿಗೆ ಕಂಡದ್ದು ಒಂದೇ ಅರ್ಥ: ನುಂಗಿದೆ. ನನ್ನದನ್ನು ಗಂಟಲಿಗೆ ತುರುಕಿಕೊಂಡು ನುಂಗಿದೆಯಲ್ಲೋ.

"ಲೈಲ್, ನಾನು..." ಎಡಗೈ ಚಾಚಿದ. ತಡವಾಗಿಯಾದರೂ ಕುಲುಕೋಣ ಎಂದು. ಲೈಲ್ ಆ ಕೈಯನ್ನು ಲೋಟದಿಂದಲೇ ತಳ್ಳಿದ, ಅದೇ ಲೋಟವನ್ನು ಅವನ ಅಂಗೈಗೆ ಒತ್ತಿದ. ನೋಡು, ನೋಡು ಎಂಬಂತೆ. ಡೆಲ್ಮರ್ ಲೋಟವನ್ನು ಮೇಜಿನ ಮೇಲಿಟ್ಟು ಟೋಪಿ ಹುಡುಕಿದ. ಕಾರಿಡಾರಿನ ಕೊನೆಯವರೆಗೂ ಆ ಒಂದು ಶಬ್ದ ಅವನ ಬೆನ್ನ ಹಿಂದೆ ಬಂತು.

ಆ ಚಳಿಗಾಲ ಡೆಲ್ಮರ್ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಬದಲಿಗೆ ದುಡಿದ. ಶೆಡ್ಡಿನಲ್ಲಿ ಒಂದು ಸೀಮೆಎಣ್ಣೆ ಹೀಟರು, ಒಂದು ರೇಡಿಯೋ, ಅವನು, ಕಾರು. ಬಾಗಿಲು ಕೂರಿಸಿದ, ಗಾಜು ಕೂರಿಸಿದ, ಚೀಲ ಚೀಲ ಬಿಚ್ಚಿ ಬೋಲ್ಟು ಹಾಕಿದ. ಪ್ರತಿಯೊಂದು ಚೀಲದಲ್ಲೂ ಲೈಲ್ ಇದ್ದ. ಕೆಂಪು ಬಣ್ಣ ಹೊಡೆಯಬೇಕೆಂಬುದು ಡೆಲ್ಮರ್‌ನ ಹಳೆಯ ಆಸೆ. ಲೈಲ್‌ಗೆ ಕಾರ್ಖಾನೆಯಿಂದ ಬಂದಾಗಿನ ಹಸಿರೇ ಆಗಬೇಕಿತ್ತು. "ಬಟಾಣಿ ಸೂಪಿನ ಬಣ್ಣ ಕಣೋ ಅದು" ಎಂದು ಎಷ್ಟು ಶನಿವಾರ ಛೇಡಿಸಿದ್ದನೋ. ಈಗ ತನ್ನ ಕೈಯಾರೆ ಅದೇ ಬಟಾಣಿ ಸೂಪಿನ ಬಣ್ಣ ಹೊಡೆದ, ಕೋಟಿನ ಮೇಲೆ ಕೋಟು.

ಎಂಜಿನ್ನಿನ ವಿಷಯದಲ್ಲಿ ಒಂದು ಹರಕೆಯನ್ನೇ ಹೊತ್ತುಕೊಂಡ. ಅದು ಲೈಲ್ ಮುಗಿಸಿದ ಕೆಲಸ. ಅದರ ಒಂದು ಜೋಡಣೆಯನ್ನೂ ಬಿಚ್ಚುವುದಿಲ್ಲ, ಒಳಗೆ ಇಣುಕುವುದಿಲ್ಲ. ಒಳ್ಳೆಯ ಕೈ ಮುಚ್ಚಿದ್ದನ್ನು ಇನ್ನೊಂದು ಕೈ ಬಿಚ್ಚಬಾರದು. ಕಾರು ನನ್ನದಾಗಲಿ, ಎಂಜಿನ್ ಲೈಲ್‌ನದಾಗಿಯೇ ಇರಲಿ. ಹೀಗೆ ಅಂದುಕೊಂಡಾಗ ಎದೆ ಸ್ವಲ್ಪ ಹಗುರಾಗುತ್ತಿತ್ತು. ತಪ್ಪು ಮಾಡಿದವರಿಗೆ ಪ್ರಾಯಶ್ಚಿತ್ತವನ್ನೂ ತಾವೇ ಆರಿಸಿಕೊಳ್ಳುವ ಚಟ ಇರುತ್ತೆ, ಅದರಲ್ಲೂ ಆದಷ್ಟು ಎದುರು ಹೋಗಿ ನಿಲ್ಲಬೇಕಾಗಿಲ್ಲದ್ದನ್ನು.

ಒಂದು ದಿನ ಕಾರ್ಬುರೇಟರಿನ ನಟ್ಟುಗಳ ಮೇಲೆ ಕೈಯಾಡಿಸಿದ. ಸಡಿಲ. ಬರೀ ಬೆರಳಲ್ಲಿ ತಿರುಗಿಸಿಟ್ಟ ಬಿಗಿ. ಡೆಲ್ಮರ್‌ನ ಕಣ್ಣು ತುಂಬಿ ಬಂತು. ಪಾಪ, ಬಿಗಿ ಮಾಡೋ ಹೊತ್ತಿಗೇ ಬಡಿದಿರಬೇಕು ಅವನಿಗೆ. ಪಾನಾ ತಂದು ನಾಲ್ಕೂ ನಟ್ಟುಗಳನ್ನು ಒಂದೊಂದಾಗಿ, ಪೂಜೆ ಮಾಡುವ ಹಾಗೆ ಬಿಗಿದ. ಲೈಲ್ ಕಾರಣವಿಲ್ಲದೆ ಒಂದು ನಟ್ಟನ್ನೂ ಸಡಿಲ ಬಿಟ್ಟವನಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ವಿಲ್ಮಾ ಶೆಡ್ಡಿನ ಬಾಗಿಲಲ್ಲಿ ಕೈ ಕಟ್ಟಿ ನಿಂತಳು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಗಸು, ಅವಳ ಬಾಯಿಗೆ ಬೀಗ ಹಾಕುವವರು ಯಾರು?

"ಆ ಡಬ್ಬದ ಹತ್ರ ಮಾತಾಡೋದರಲ್ಲಿ ಕಾಲು ಭಾಗ ಆ ಮನುಷ್ಯನ ಹತ್ರ ಮಾತಾಡಿದ್ರೆ ಅವ್ರು ಎದ್ದು ಓಡಾಡ್ತಿದ್ರು. ಚರ್ಚಿನವರೆಲ್ಲ ಶನಿವಾರ ಶನಿವಾರ ಹೋಗಿ ಅವರ ರೂಮು ಕಟ್ತಿದಾರೆ. ನಿಮ್ಮನ್ನ ಕೇಳಿದ್ರು. ಏನು ಹೇಳ್ಲಿ?"

"ಬೆನ್ನು ನೋವು ಅನ್ನು."

"ಕಾರಿನ ಕೆಳಗೆ ದಿನವಿಡೀ ಮಲಗೋಕೆ ಬೆನ್ನಿದೆ."

"ಅವನಿಗೆ ನನ್ನ ಮುಖ ಕಂಡ್ರಾಗಲ್ಲ ವಿಲ್ಮಾ. ನೀನು ನೋಡಿಲ್ಲ. ಆ ಲೋಟ ತಗೊಂಡು..."

"ನೀವು ನೋಡಿದ್ದು ಒಂದು ಸಲ. ಇನ್ನೊಂದು ಸಲ ನೋಡ್ಕೊಂಡ್ ಬನ್ನಿ."

ಜನವರಿಯಲ್ಲಿ ಅರ್ಲೀನ್ ಫೋನ್ ಮಾಡಿದಳು. "ಡೆಲ್, ಬೆನ್ನು ಹೇಗಿದೆ? ನೋಡು, ನಿನ್ನ ಹೆಸರೆತ್ತಿದ್ರೆ ಸಾಕು, ಇವ್ರು ಕರ್ಚೀಫು ತಗೊಂಡು ಲೋಟಕ್ಕೆ ತುರುಕ್ತಾರೆ. ಬೇರೆ ಯಾರು ಬಂದ್ರೂ ಇಲ್ಲ. ನರ್ಸು ಲೋಟ ಕಿತ್ಕೊಂಡ್ರೆ ಶೂ ಒಳಗೆ ತುರುಕ್ತಾರೆ. ನಂಗೆ ತಲೆಬುಡ ಗೊತ್ತಾಗಲ್ಲ. ನಿಂಗೇನಾದ್ರೂ ತಿಳಿಯುತ್ತಾ?"

"ಇಲ್ಲ," ಅಂದ ಡೆಲ್ಮರ್.

"ಒಂದ್ಸಲ ಬಂದು ನೋಡಬಾರದಾ?"

"ಬರ್ತೀನಿ. ರಸ್ತೆ ಮೇಲಿನ ಹಿಮ ಕರಗಲಿ."

ಹಿಮ ಕರಗಿತು. ಮತ್ತೆ ಬಿತ್ತು, ಮತ್ತೆ ಕರಗಿತು. ಡೆಲ್ಮರ್‌ನ ತಲೆಯಲ್ಲಿ ಈಗ ಬೇರೆಯೇ ಲೆಕ್ಕ. ಬರಿಗೈಯಲ್ಲಿ ಹೋಗಿ ನಿಂತರೆ ಮತ್ತೆ ಆ ಲೋಟ. ಅದರ ಬದಲು ಕಾರನ್ನೇ ಓಡಿಸಿಕೊಂಡು ಹೋದರೆ? ಲೈಲ್ ಮನೆಗೆ ಬಂದ ಮೇಲೆ, ಹೊಸ ರೂಮಿನ ಕಿಟಕಿಯ ಎದುರಿಗೇ ಅವನ ಹಸಿರು ಶೆವೆಲ್ ಗುಡುಗುತ್ತಾ ಬಂದು ನಿಂತರೆ? ತನ್ನ ಎಂಜಿನ್ನಿನ ಸದ್ದು ಕೇಳಿದರೆ ಯಾವ ಗಂಡಸಿನ ಕೋಪ ನಿಂತೀತು? ಕೀಲಿಯನ್ನು ಅವನ ಎಡಗೈಲಿಟ್ಟು, ನಿಂದೇ ಕಣೋ, ನಾನು ಬರೀ ಡ್ರೈವರು ಅನ್ನುವುದು. ಹಾಗೆ ಕೊಟ್ಟೇಬಿಡುವಷ್ಟು ಮನಸ್ಸು ನಿಜವಾಗಿ ಇತ್ತೋ ಇಲ್ಲವೋ, ಆ ದೃಶ್ಯವಂತೂ ಅವನಿಗೆ ಬಹಳ ಹಿಡಿಸಿತ್ತು.

ಏಪ್ರಿಲ್ ಮಧ್ಯದ ಗುರುವಾರ ಲೈಲ್‌ನನ್ನು ಮನೆಗೆ ಕರೆತಂದರು. ಊರವರೆಲ್ಲ ಹಂದಿಮಾಂಸ, ಆಲೂಗೆಡ್ಡೆ ಬೇಯಿಸಿ ಹೊತ್ತುಕೊಂಡು ಹೋದರು. ವಿಲ್ಮಾ ಒಬ್ಬಳೇ ಹೋಗಿ ಬಂದಳು. ಶನಿವಾರ ಬೆಳಗ್ಗೆ ಡೆಲ್ಮರ್ ಶೆಡ್ಡಿನ ಬಾಗಿಲು ಪೂರ್ತಿ ತೆರೆದ. ಹೊಸದಾಗಿ ಜೋಡಿಸಿದ ಎಂಜಿನ್ನಿಗೆ ಮಾಡಬೇಕಾದದ್ದೆಲ್ಲ ಮಾಡಿದ್ದ. ಎಣ್ಣೆ ತುಂಬಿದ, ನೀರು ತುಂಬಿದ, ಕಾರ್ಬುರೇಟರಿನ ಗಂಟಲಿಗೆ ಒಂದಿಷ್ಟು ಪೆಟ್ರೋಲು ಹನಿಸಿದ. ಹೊಸ ಸೀಟಿನ ಮೇಲೆ ಕೂತು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಕೀಲಿ ತಿರುಗಿಸಿದ.

ಎಂಜಿನ್ ಸುತ್ತಿತು, ಹತ್ತಲಿಲ್ಲ. ಇಳಿದು ಇನ್ನಷ್ಟು ಪೆಟ್ರೋಲು ಹನಿಸಿದ, ಅದೂ ಎಲ್ಲಿಗೋ ಇಂಗಿಹೋಯಿತು. ಮತ್ತೆ ತಿರುಗಿಸಿದ. ಮೂರನೆಯ ಸಲಕ್ಕೆ ಎಂಜಿನ್ ಒಮ್ಮೆಲೆ ಗುಡುಗಿತು. ಆ ಸದ್ದಿಗೆ ಶೆಡ್ಡಿನ ತಗಡು ನಡುಗಿತು, ಡೆಲ್ಮರ್‌ನ ಮೈ ಜುಮ್ಮೆಂದಿತು. "ಲೈಲ್!" ಎಂದು ಕೂಗಿಯೇಬಿಟ್ಟ. ಸದ್ದು ತುಸು ತಡವರಿಸಿತು. ಹೊಸ ಜೋಡಣೆಯಲ್ಲವೇ, ಸರಿಹೋಗುತ್ತೆ ಎಂದು ಕಾಲೊತ್ತಿದ. ಒಳಗೆ ಏನೋ ಟಕ್ ಎಂದಿತು. ಟಕಟಕ ಎಂದಿತು. ಸುತ್ತಿಗೆ ಹಿಡಿದ ಯಾರೋ ಒಳಗಿಂದ ಬಡಿದಂತಾಯಿತು, ಒಂದು ಭಾರಿ ಏಟು, ಆಮೇಲೆ ಸದ್ದಡಗಿತು. ಬಾನೆಟ್ಟಿನ ಸಂದಿಯಿಂದ ಸುಟ್ಟ ಅರಿವೆಯ ವಾಸನೆ ಬಂತು.

ಕಬ್ಬಿಣದ ವಾಸನೆಯಲ್ಲ, ಎಣ್ಣೆಯದಲ್ಲ. ಅರಿವೆಯದು.

ಡೆಲ್ಮರ್ ಹರಕೆಯನ್ನು ಆ ಕ್ಷಣವೇ ಮುರಿದ. ತಾನೇ ಪೂಜೆ ಮಾಡಿದಂತೆ ಬಿಗಿದಿದ್ದ ನಾಲ್ಕು ನಟ್ಟು ಬಿಚ್ಚಿ ಕಾರ್ಬುರೇಟರ್ ಎತ್ತಿದ. ಕೆಳಗೆ, ಕತ್ತಲ ಬಾಯಿಯಲ್ಲಿ, ಕೆಂಪು. ಬೆರಳು ಹಾಕಿ ಎಳೆದ. ಅರ್ಧ ಬಂತು, ಉಳಿದದ್ದು ಒಳಗೆ ಕಚ್ಚಿಕೊಂಡಿತ್ತು. ಮಧ್ಯಾಹ್ನದವರೆಗೆ ಒಂದೊಂದೇ ಭಾಗ ಬಿಚ್ಚುತ್ತಾ ಹೋದ. ಎಂಜಿನ್ ಬಟ್ಟೆಯನ್ನು ಎಳೆದುಕೊಂಡು ಒಂದು ವಾಲ್ವಿನ ಬಾಯಿಗೆ ಸಿಕ್ಕಿಸಿತ್ತು. ವಾಲ್ವು ಮುಚ್ಚಲಾರದೆ ಬಾಗಿತ್ತು, ಪಿಸ್ಟನ್ ಬಂದು ಅದಕ್ಕೆ ಗುದ್ದಿ ಒಡೆದಿತ್ತು, ಸಿಲಿಂಡರಿನ ಗೋಡೆಯಲ್ಲಿ ಬೆರಳಗಲದ ಬಿರುಕು. ಎಪ್ಪತ್ತರಲ್ಲಿ ಆ ಕಾರಿನ ಜೊತೆಗೇ ಹುಟ್ಟಿದ ಎಂಜಿನ್ನು, ಅಂಥದ್ದು ಇನ್ನೊಂದು ಸಿಗುವುದಿಲ್ಲ.

ಸಿಕ್ಕ ಚೂರುಗಳನ್ನು ಬೆಂಚಿನ ಮೇಲೆ ಹರಡಿದ. ಒಂದು ಅಂಚು ಹೊಲಿಗೆ ಹಾಕಿದ್ದು. ಎದುರಿನದು ಹರಿದದ್ದು, ಉದ್ದಕ್ಕೆ, ನೇರವಾಗಿ. ಅರ್ಧ ಬಟ್ಟೆ.

ಇನ್ನರ್ಧ ಎಲ್ಲಿ ಎಂದು ಅವನು ಕೇಳಿಕೊಳ್ಳಬೇಕಾಗಲಿಲ್ಲ. ಅರ್ಲೀನ್‌ಳ ಮಾತು ಈಗ ಕಿವಿಗೆ ಬಿತ್ತು, ಆರು ತಿಂಗಳು ತಡವಾಗಿ. ಸ್ಟೀರಿಂಗಿಗೆ ಸುತ್ತಿದ್ದ ಎಣ್ಣೆ ಬಟ್ಟೆ. ಅದರ ಹಿಂದೆಯೇ ಲೋಟ, ಕರವಸ್ತ್ರ, ತಳದವರೆಗೆ ಒತ್ತುವ ಎಡಗೈಯ ಬೆರಳು. ಶೂ ಒಳಗೂ ತುರುಕುತ್ತಾರೆ ಅಂದಿದ್ದಳಲ್ಲ. ಡೆಲ್ಮರ್ ಬೆಂಚನ್ನು ಹಿಡಿದು ನಿಂತ. ಲೈಲ್ ಬೈದಿರಲಿಲ್ಲ. ಮೊದಲ ದಿನದಿಂದಲೂ ಬೈದಿರಲಿಲ್ಲ. ಕಾರು ನಿನ್ನದಾಯಿತಾ, ಸರಿ, ಹಾಗಿದ್ದರೆ ಕೇಳು, ಒಳಗೆ ಬಟ್ಟೆಯಿದೆ ಎಂದಿದ್ದ. ಕಾರನ್ನು ಆಗಲೇ ಕೊಟ್ಟುಬಿಟ್ಟಿದ್ದ. ಚಾಚಿದ ಕೈಯನ್ನು ತಳ್ಳಿದ್ದು ಆ ಕೈಗೆ ಲೋಟ ಇಡುವುದಕ್ಕೆ. ಆಮೇಲೆ ಇಡೀ ಚಳಿಗಾಲ, ಮಾತಿಲ್ಲದ ಮನುಷ್ಯ, ಇದನ್ನು ಓದಬಲ್ಲ ಒಬ್ಬನೇ ಒಬ್ಬ ಇನ್ನೊಮ್ಮೆ ಬಾಗಿಲಲ್ಲಿ ಕಾಣಿಸಿಯಾನೆಂದು ಲೋಟ ಹಿಡಿದು ಕಾದಿದ್ದ.

ಡೆಲ್ಮರ್ ಅತ್ತ. ಎಂಜಿನ್ನಿಗಾಗಿ ಅಲ್ಲ.

ಕೈ ತೊಳೆಯದೆ ವಿಲ್ಮಾಳ ಕಾರು ಹತ್ತಿ ಹೊರಟ. ಅರ್ಲೀನ್ ಬಾಗಿಲು ತೆರೆದವಳು ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಗರಾಜು ಗುರುತು ಸಿಗದಷ್ಟು ಬದಲಾಗಿತ್ತು. ದೊಡ್ಡ ಬಾಗಿಲಿದ್ದಲ್ಲಿ ಕಿಟಕಿ, ಹಳದಿ ಗೋಡೆ, ಮಂಚ. ನೆಲಕ್ಕೆ ಬಣ್ಣ ಹೊಡೆದಿದ್ದರೂ ಮಂಚದ ಕೆಳಗೆ ಹಳೆಯ ಎಣ್ಣೆಯ ಕಲೆ ಮಸುಕಾಗಿ ಕಾಣುತ್ತಿತ್ತು. ಲೈಲ್ ಮಂಚದ ಮೇಲೆ ಒರಗಿ ಕೂತಿದ್ದ, ಶರತ್ಕಾಲದಲ್ಲಿ ಇದ್ದದ್ದರ ಅರ್ಧ ಆಗಿದ್ದ. ಪಕ್ಕದಲ್ಲಿ ಲೋಟ ಇತ್ತು, ಅದರಲ್ಲಿ ಕಾಫಿ ಇತ್ತು.

"ಈಗ ಹಾಗೆ ಮಾಡೋದು ಬಿಟ್ಟುಬಿಟ್ಟಿದಾರೆ," ಅರ್ಲೀನ್ ಮೆಲ್ಲಗೆ ಹೇಳಿದಳು. "ಮಾರ್ಚಿನಲ್ಲೇ ಬಿಟ್ರು. ನಿನ್ನ ಹೆಸರು ಹೇಳಿದ್ರೂ ಸುಮ್ನೆ ಇರ್ತಾರೆ."

ಡೆಲ್ಮರ್ ಹತ್ತಿರ ಹೋದ. ಜೇಬಿನಿಂದ ಸುಟ್ಟ ಕೆಂಪು ಚೂರು ತೆಗೆದು ಹೊದಿಕೆಯ ಮೇಲಿಟ್ಟ.

ಲೈಲ್ ನೋಡಿದ. ಎಡಗೈಯಲ್ಲಿ ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದ. ಹರಿದ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಡೆಲ್ಮರ್‌ನ ಮುಖ ನೋಡಿದ, ಎಂಜಿನ್ ಏನಾಯಿತೆಂದು ಅಲ್ಲಿ ಓದಿಕೊಂಡ. ಓದಲು ಅವನಿಗೆ ಕ್ಷಣ ಸಾಕಾಯಿತು. ಅವನ ಮುಖದ ಜೀವವಿರುವ ಅರ್ಧ ಬಿಗಿಯಿತು, ಕಿವಿಯವರೆಗೂ ಕೆಂಪಾಯಿತು. ಬಟ್ಟೆಯನ್ನು ಮುದ್ದೆ ಮಾಡಿ ಬಲವೆಲ್ಲ ಕೂಡಿಸಿ ಡೆಲ್ಮರ್‌ನ ಮುಖಕ್ಕೆ ಎಸೆದ.

"ಥತ್ತೇರಿ," ಅಂದ. ಕೂಗಲಿಲ್ಲ. ಎಂಟು ತಿಂಗಳಲ್ಲಿ ಆ ಮಾತನ್ನು ಮೊದಲ ಸಲ ಅದರ ಅರ್ಥಕ್ಕೇ ಅಂದಿದ್ದ.

"ಹೂಂ," ಅಂದ ಡೆಲ್ಮರ್. "ನನಗೇ."

ಲೈಲ್ ಗೋಡೆಯ ಕಡೆ ಮುಖ ತಿರುಗಿಸಿದ.

ಚಳಿಗಾಲವೆಲ್ಲ ಡೆಲ್ಮರ್ ಯಾವ ಕೋಪಕ್ಕೆ ಹೆದರಿ ಓಡಿದ್ದನೋ ಅದು ಕೊನೆಗೂ ಎದುರಿಗೆ ಬಂದಿತ್ತು. ಇರದಿದ್ದ ಕೋಪ. ತಾನೇ ಬರದೆ ಬರದೆ ಹುಟ್ಟಿಸಿದ ಕೋಪ. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು, ಅದಕ್ಕೆ ಅದೇ ಅಭ್ಯಾಸವಾಗಿತ್ತು. ಡೆಲ್ಮರ್ ಅದನ್ನು ತಡೆದು ಮೂಲೆಯತ್ತ ನೋಡಿದ. ಹಳೆಯ ಮುರುಕು ಕುರ್ಚಿ ಅಲ್ಲೇ ಇತ್ತು. ಇಷ್ಟೆಲ್ಲ ಕಿತ್ತುಹಾಕಿದ ಅರ್ಲೀನ್ ಅದನ್ನು ಯಾಕೆ ಇಟ್ಟುಕೊಂಡಿದ್ದಳೋ. ಎಳೆದು ಮಂಚದ ಎಡಪಕ್ಕಕ್ಕೆ ಹಾಕಿಕೊಂಡು ಕೂತ. ಎಡಗೈಯನ್ನು ಹೊದಿಕೆಯ ಮೇಲೆ, ಲೈಲ್‌ನ ಕೈಗೆ ಎಟುಕುವ ಹಾಗೆ ಅಂಗೈ ಮೇಲೆ ಮಾಡಿ ಇಟ್ಟ.

ಲೈಲ್ ಅದನ್ನು ಮುಟ್ಟಲಿಲ್ಲ. ಅರ್ಲೀನ್ ಇನ್ನೊಂದು ಲೋಟ ಕಾಫಿ ತಂದಿಟ್ಟು ಹೋದಳು, ಅದು ಆರಿತು. ಕಿಟಕಿಯ ಆಚೆ, ಹಸಿರು ಕಾರು ಬಂದು ನಿಲ್ಲಬೇಕಾಗಿದ್ದ ಜಾಗದಲ್ಲಿ ಬಿಸಿಲು ಇಳಿಯಿತು. ಡೆಲ್ಮರ್ ಕೈ ತೆಗೆಯಲಿಲ್ಲ, ಎದ್ದು ಹೋಗಲೂ ಇಲ್ಲ.